ಇಂಟ್ರೋವರ್ಟ್, ನಾಚಿಕೆ ಸ್ವಭಾವ, ಗುಮ್ಮನಗುಸ್ಕ: ಮೂರೂ ಒಂದೇನಾ?

ಸೀಮೆಸುಣ್ಣ

ನಾನು ಹೈಸ್ಕೂಲ್ ಟೀಚರ್. ಎಂಟನೇ ಕ್ಲಾಸಿಗೆ ನಾನೇ ಕ್ಲಾಸ್ ಟೀಚರ್. ನಮ್ಮ ಪ್ರೋಗ್ರೆಸ್ ಕಾರ್ಡಿನಲ್ಲಿ ಅಂಕಗಳ ಕೆಳಗೆ ‘ಸ್ವಭಾವ’ ಅಂತ ಒಂದು ಸಾಲು ಇದೆ. ಪ್ರತಿ ಮಗುವಿಗೂ ಅಲ್ಲಿ ಏನಾದರೂ ಬರೆಯಲೇಬೇಕು. ಹಳೆಯ ಕಾರ್ಡುಗಳನ್ನು ತೆಗೆದು ನೋಡಿದೆ. ‘ಒಳ್ಳೆಯ ಹುಡುಗ’, ‘ಮೌನಿ’, ‘ತುಂಟ’, ‘ಚುರುಕು’, ಮತ್ತೆ ‘ಒಳ್ಳೆಯ ಹುಡುಗಿ’. ಇದರಿಂದ ಯಾರಿಗೆ ಏನು ತಿಳಿಯುತ್ತದೆ ಹೇಳಿ?

ಈ ಸಲ ಪೋಷಕರ ಸಭೆಗೆ ಬಂದ ಒಬ್ಬ ತಂದೆ, ‘ನಮ್ಮ ಮಗಳು ಇಂಟ್ರೋವರ್ಟ್ ಮೇಡಂ, ಅವಳನ್ನು ಎಬ್ಬಿಸಿ ಓದಿಸಬೇಡಿ’ ಅಂದರು. ಜೊತೆಗೆ ಬಂದಿದ್ದ ಅಜ್ಜಿ, ‘ಎಂಥದೂ ಇಲ್ಲ, ಅದೊಂದು ಗುಮ್ಮನಗುಸ್ಕ’ ಅಂದುಬಿಟ್ಟರು. ನಾನು ನೋಡಿದ ಹಾಗೆ ಆ ಹುಡುಗಿ ಗೆಳತಿಯರ ಜೊತೆ ಬಾಯಿತುಂಬ ಮಾತಾಡುತ್ತಾಳೆ. ಬೋರ್ಡ್ ಹತ್ತಿರ ಕರೆದರೆ ಮಾತ್ರ ಕೈ ನಡುಗುತ್ತದೆ. ಈಗ ಅವಳ ಕಾರ್ಡಿನಲ್ಲಿ ಏನು ಬರೆಯಲಿ? ಈ ಪದಗಳ ವ್ಯತ್ಯಾಸ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಐಟಿ ಬೇತಾಳ

ಟೀಚರ್, ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ? ಎಂಬಿಟಿಐ ಅಂತ ಪರೀಕ್ಷೆ ಇದೆ. ಮನುಷ್ಯರಲ್ಲಿ ಒಟ್ಟು 16 ಬಗೆ. ಅದೇ ತರಹದ್ದು ನೆಟ್‌ನಲ್ಲಿ ಬಿಟ್ಟಿ ಸಿಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ನಾಲ್ಕು ಅಕ್ಷರ ಬರುತ್ತದೆ, ಅದನ್ನೇ ಬರೆದುಬಿಡಿ. ನಾನು ಐಎನ್‌ಟಿಜೆ, ಆ 16ರಲ್ಲಿ ಒಂದು ಬಗೆ. ನಮ್ಮ ಆಫೀಸಿನಲ್ಲಿ ಕೆಲಸ ಹಂಚುವಾಗ ಮ್ಯಾನೇಜರ್ ಕೂಡ ಇದನ್ನೇ ನೋಡುತ್ತಾರೆ.

ಗಿರಮಿಟ್

ಎಂಟನೇ ಕ್ಲಾಸಿನ ಹುಡುಗನ ಕಾರ್ಡಿನಲ್ಲಿ ಐಎನ್‌ಟಿಜೆ ಅಂತ ಬರೆದರೆ, ಅದು ಯಾವುದೋ ಹೊಸ ಎಂಟ್ರೆನ್ಸ್ ಪರೀಕ್ಷೆ ಅಂತ ತಿಳಿದು ಅವರಪ್ಪ ಮರುದಿನವೇ ಕೋಚಿಂಗಿಗೆ ಸೇರಿಸುತ್ತಾನೆ ನೋಡ್ರಿ.

ದಾರಿಹೋಕ

ಮನಃಶಾಸ್ತ್ರ ಓದಿಕೊಂಡವನು ನಾನು. ಈಗ ಒಂದು ಕಾಲೇಜಿನಲ್ಲಿ ಕೌನ್ಸೆಲರ್. ಎಂಬಿಟಿಐ ಆಮೇಲೆ ನೋಡೋಣ, ಮೊದಲು ಆ ಹುಡುಗಿಯ ವಿಷಯ.

ಅಪ್ಪ ಹೇಳಿದ್ದು ಒಂದು, ಅಜ್ಜಿ ಹೇಳಿದ್ದು ಇನ್ನೊಂದು, ಟೀಚರ್ ಕಂಡದ್ದು ಮೂರನೆಯದು. ಮೂರೂ ಬೇರೆ ಬೇರೆ.

ಇಂಟ್ರೋವರ್ಟ್‌ಗಳಿಗೆ ಗದ್ದಲ, ಗುಂಪು, ಹೊಸ ಮುಖ ಇವೆಲ್ಲ ಬೇಗ ಸಾಕಾಗುತ್ತದೆ. ಅಷ್ಟೇ. ಮದುವೆಮನೆಯಲ್ಲಿ ಎಲ್ಲರನ್ನೂ ಚೆನ್ನಾಗಿಯೇ ಮಾತಾಡಿಸುತ್ತಾರೆ, ಊಟ ಮುಗಿಸುತ್ತಾರೆ, ಆಮೇಲೆ ಛತ್ರದ ಮೂಲೆಯಲ್ಲಿ ಒಂದು ಕುರ್ಚಿ ಹುಡುಕುತ್ತಾರೆ. ಮೈಕ್ ಕೈಗೆ ಕೊಟ್ಟರೆ ನಡುಗದೆ ಮಾತಾಡುವ ಇಂಟ್ರೋವರ್ಟ್‌ಗಳು ಬೇಕಾದಷ್ಟು ಜನ ಇದ್ದಾರೆ. ಎಕ್ಸ್‌ಟ್ರೋವರ್ಟ್‌ಗಳಿಗೆ ಅದೇ ಗದ್ದಲದಿಂದ ಹುರುಪು ಬರುತ್ತದೆ.

ನಾಚಿಕೆಯಲ್ಲಿ ಇರುವುದು ಭಯ. ‘ನನ್ನನ್ನು ನೋಡಿ ಏನಂದುಕೊಳ್ಳುತ್ತಾರೋ’ ಅನ್ನುವ ಭಯ. ನಾಚುವವರಿಗೆ ಎಷ್ಟೋ ಸಲ ಜನರ ಜೊತೆ ಬೇಕು, ಹತ್ತಿರ ಹೋಗಲು ಮಾತ್ರ ಅಂಜಿಕೆ. ಹಾಗಾಗಿ ನಾಚಿಕೆಯ ಎಕ್ಸ್‌ಟ್ರೋವರ್ಟ್ ಅಂತಲೂ ಇರಬಹುದು. ನಿಮ್ಮ ಹುಡುಗಿ ಗೆಳತಿಯರ ಜೊತೆ ಹರಟುತ್ತಾಳೆ, ಬೋರ್ಡಿನ ಮುಂದೆ ನಡುಗುತ್ತಾಳೆ. ನೀವು ಹೇಳಿದ್ದಷ್ಟನ್ನೇ ನೋಡಿದರೆ ಅದು ಸಭಾಕಂಪನ. ಒಂದು ಸಂದರ್ಭಕ್ಕೆ ಅಂಟಿಕೊಂಡ ಹೆದರಿಕೆ. ಅದನ್ನು ‘ಸ್ವಭಾವ’ದ ಸಾಲಿನಲ್ಲಿ ಬರೆಯುವುದೇ ಸರಿಯಲ್ಲ.

ಎಬ್ಬಿಸಲೇಬೇಡಿ ಅಂತ ತಂದೆ ಹೇಳುವುದು ಪ್ರೀತಿಯಿಂದ, ಸರಿ. ಆದರೆ ಇಂಥ ಭಯ ತಪ್ಪಿಸಿಕೊಂಡಷ್ಟೂ ಬೆಳೆಯುತ್ತದೆ. ಮೊದಲು ಬೆಂಚಿನಲ್ಲಿ ಕೂತೇ ಓದಲಿ. ಆಮೇಲೆ ನಾಲ್ಕು ಜನರ ಗುಂಪಿನ ಎದುರು. ಬೋರ್ಡ್ ಕೊನೆಗೆ.

ಇಂಟ್ರೋವರ್ಟ್, ಎಕ್ಸ್‌ಟ್ರೋವರ್ಟ್ ಜೋಡಿ ಬಳಕೆಗೆ ಬಂದದ್ದು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕದಿಂದ. ಮನಸ್ಸು ಒಳಗಿನ ಲೋಕದ ಕಡೆ ತಿರುಗಿದೆಯೋ ಹೊರಗಿನ ಕಡೆಯೋ ಅನ್ನುವುದು ಅವರ ವಿಂಗಡಣೆ. ಕನ್ನಡದ ಅಂತರ್ಮುಖಿ, ಬಹಿರ್ಮುಖಿಗೂ ಅದೇ ಅರ್ಥ. ಯಾವ ಕಡೆಗೂ ಪೂರ್ತಿ ವಾಲದ ಮೂರನೇ ಗುಂಪೇ ಎಲ್ಲಕ್ಕಿಂತ ದೊಡ್ಡದು ಅಂತ ಯೂಂಗ್ ಅವರೇ ಹೇಳಿದ್ದರು. ಆ ಮಾತು ಮಾತ್ರ ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ಲಂಡನ್ನಿನ ಹಾನ್ಸ್ ಐಸೆಂಕ್ ಇದನ್ನು ಮಿದುಳಿಗೆ ಜೋಡಿಸಿದರು. ಇಂಟ್ರೋವರ್ಟ್‌ಗಳ ಮಿದುಳು ಮೊದಲೇ ಜಾಸ್ತಿ ಎಚ್ಚರವಾಗಿರುತ್ತದೆ, ಅದಕ್ಕೇ ಹೊರಗಿನ ಗದ್ದಲ ಬೇಗ ಅತಿಯಾಗುತ್ತದೆ ಅಂತ ಅವರ ವಾದ. ನಾಲಿಗೆಗೆ ನಿಂಬೆರಸ ಹಾಕಿ ಎಷ್ಟು ಜೊಲ್ಲು ಸುರಿಯುತ್ತದೆ ಅಂತ ಅಳೆದ ಪ್ರಯೋಗಗಳೂ ನಡೆದಿವೆ. ಇಂಟ್ರೋವರ್ಟ್‌ಗಳ ಬಾಯಲ್ಲಿ ಜಾಸ್ತಿ ಜೊಲ್ಲು ಬಂತಂತೆ.

ಗಿರಮಿಟ್

ನಿಂಬೆಹಣ್ಣಿನ ವಿಷಯ ಮಜಾ ಇದೆ. ಆದರೆ ಅಜ್ಜಿಯ ಪದ ಬಿಟ್ಟುಬಿಟ್ಟಿರಿ ಸರ್.

ನಮ್ಮ ಜನ ಬಳಸುವ ಪದಗಳಲ್ಲಿ ಸ್ವಭಾವಕ್ಕಿಂತ ತೀರ್ಪೇ ಜಾಸ್ತಿ. ನನಗೆ ಬೇಕಾದವನು ಜಾಸ್ತಿ ಮಾತಾಡಿದರೆ ‘ಮಾತುಗಾರ’. ಬೇಡದವನು ಅಷ್ಟೇ ಮಾತಾಡಿದರೆ ‘ಬಾಯಿಬಡುಕ’. ನನ್ನ ಮಗಳದು ಛಲ, ಸೊಸೆಯದು ಹಠ. ನಾನು ಲೆಕ್ಕ ನೋಡಿ ಖರ್ಚು ಮಾಡುತ್ತೇನೆ, ನನ್ನ ಭಾವ ಜಿಪುಣ. ಹುಡುಗ ಜೋರಿದ್ದರೆ ಚುರುಕು, ಹುಡುಗಿ ಜೋರಿದ್ದರೆ ಬಜಾರಿ. ಒಂದೇ ನಡತೆ, ಹೇಳುವವರು ಬದಲಾದರೆ ಪದ ಬದಲು. ನಮ್ಮ ಧಾರವಾಡದ ಕಡೆ ‘ಭಾಳ ಶಾಣ್ಯಾ ಅದಾನ’ ಅಂದರೆ ಹೊಗಳಿಕೆಯೋ ಬೈಗುಳವೋ ಅಂತ ಹೇಳುವವರ ಮುಖ ನೋಡಿಯೇ ತಿಳಿಯಬೇಕು.

ಇಂಥ ಪದಗಳನ್ನು ಇಟ್ಟುಕೊಂಡು ಟೀಚರ್ ಕಾರ್ಡ್ ಬರೆಯುವುದಾದರೂ ಹೇಗೆ? ಇಂಗ್ಲಿಷ್ ಪದಗಳಿಗೆ ಜನ ಮುಗಿಬೀಳುವುದು ಇದಕ್ಕೇ ಇರಬೇಕು. ‘ಇಂಟ್ರೋವರ್ಟ್’ ಅಂದರೆ ಯಾರೂ ಬೈದ ಹಾಗೆ ಆಗುವುದಿಲ್ಲ.

ದಾರಿಹೋಕ

ಗಿರಮಿಟ್ ಅವರೇ, ನೀವು ಹೇಳಿದ ತೊಂದರೆಗೆ ದೊಡ್ಡ ಇತಿಹಾಸವೇ ಇದೆ.

ಮನುಷ್ಯರಿಗೆ ಮುಖ್ಯ ಅನ್ನಿಸಿದ ಗುಣಕ್ಕೆಲ್ಲ ಭಾಷೆಯಲ್ಲಿ ಪದ ಹುಟ್ಟಿಯೇ ಇರುತ್ತದೆ, ಹಾಗಾಗಿ ನಿಘಂಟನ್ನೇ ಜಾಲಾಡಿದರೆ ಸ್ವಭಾವದ ನಕ್ಷೆ ಸಿಗಬಹುದು ಅನ್ನುವುದು ಒಂದು ಹಳೆಯ ಯೋಚನೆ. ಫ್ರಾನ್ಸಿಸ್ ಗಾಲ್ಟನ್ 1884ರಲ್ಲೇ ಇಂಗ್ಲಿಷಿನಲ್ಲಿ ಇಂಥ ಸುಮಾರು 1000 ಪದ ಇವೆ ಅಂತ ಅಂದಾಜು ಮಾಡಿದ್ದರು. 1936ರಲ್ಲಿ ಅಮೆರಿಕದ ಗಾರ್ಡನ್ ಆಲ್ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ವೆಬ್‌ಸ್ಟರ್ ನಿಘಂಟನ್ನು ಕೂತು ಸೋಸಿದರು. ಸಿಕ್ಕಿದ್ದು 17,953 ಪದ! ಆಮೇಲೆ ಅವನ್ನು ನಾಲ್ಕು ಕಂಬಸಾಲಾಗಿ ಬೇರ್ಪಡಿಸಿದರು. ಮೊದಲನೆಯದರಲ್ಲಿ ನಿಲ್ಲುವ ಗುಣಗಳು, ಸುಮಾರು 4500. ಎರಡನೆಯದರಲ್ಲಿ ಬಂದುಹೋಗುವ ಭಾವಗಳು. ಮೂರನೆಯದರಲ್ಲಿ ಬರೀ ತೀರ್ಪಿನ ಪದಗಳು, ಅಂದರೆ ‘ಯೋಗ್ಯ’, ‘ಲಾಯಕ್ಕಿಲ್ಲದವ’ ಅನ್ನುವ ತರಹದವು. ಉಳಿದದ್ದೆಲ್ಲ ನಾಲ್ಕನೆಯದಕ್ಕೆ. ನೀವು ಹೇಳಿದ ‘ಬಜಾರಿ’ ಆ ಮೂರನೇ ಸಾಲಿಗೆ ಹೋಗುತ್ತಿತ್ತು.

ಮುಂದೆ ಬಂದವರು ಈ ರಾಶಿಯನ್ನು ಲೆಕ್ಕ ಹಾಕಿ ಹಾಕಿ ಕುಗ್ಗಿಸಿದರು. ಒಬ್ಬರಿಗೆ ಒಂದು ಪದ ಒಪ್ಪಿದರೆ ಇನ್ನು ಯಾವ ಪದಗಳು ಜೊತೆಗೇ ಒಪ್ಪುತ್ತವೆ ಅಂತ ನೋಡುವುದು ಅವರ ದಾರಿ. ರೇಮಂಡ್ ಕ್ಯಾಟೆಲ್ 16 ಗುಣಗಳಿಗೆ ತಂದರು. 1961ರಲ್ಲಿ ಅಮೆರಿಕದ ವಾಯುಪಡೆಗೆ ಕೆಲಸ ಮಾಡುತ್ತಿದ್ದ ಟ್ಯೂಪ್ಸ್ ಮತ್ತು ಕ್ರಿಸ್ಟಲ್ ಅವರ ಲೆಕ್ಕದಲ್ಲಿ ಐದೇ ಉಳಿದವು. ಆಮೇಲೆ ಬೇರೆಯವರು ಲೆಕ್ಕ ಹಾಕಿದಾಗಲೂ ಸುಮಾರು ಅದೇ ಐದು ಬಂದವು. ಅದಕ್ಕೇ ಇವತ್ತು ‘ಬಿಗ್ ಫೈವ್’ ಅನ್ನುವುದು.

ಅವನ್ನು ನಮ್ಮ ಮಾತಿನಲ್ಲೇ ಹೇಳಿನೋಡುತ್ತೇನೆ. ಹೊಸದರ ಕಡೆ ಎಷ್ಟು ಕುತೂಹಲ, ಎಷ್ಟು ಕಲ್ಪನೆ ಅನ್ನುವುದು ಒಂದು. ಹಿಡಿದ ಕೆಲಸದಲ್ಲಿ ಎಷ್ಟು ಅಚ್ಚುಕಟ್ಟು, ಎಷ್ಟು ಉಡಾಫೆ ಅನ್ನುವುದು ಇನ್ನೊಂದು. ಎಕ್ಸ್‌ಟ್ರೋವರ್ಷನ್ ಗೊತ್ತೇ ಇದೆ. ನಾಲ್ಕನೆಯದು ಬೇರೆಯವರ ಜೊತೆ ಹೊಂದಿಕೊಂಡು ಹೋಗುವ ಗುಣ. ಅದರ ಒಂದು ತುದಿಗೆ ಮೆದು ಮನಸ್ಸಿನವರು, ಇನ್ನೊಂದು ತುದಿಗೆ ಏನು ಹೇಳಿದರೂ ಎದುರುಮಾತು ಆಡುವವರು. ಐದನೆಯದು ನ್ಯೂರೋಟಿಸಿಸಂ, ಅಂದರೆ ಮನಸ್ಸು ಎಷ್ಟು ಬೇಗ ಕದಡುತ್ತದೆ ಅನ್ನುವುದು. ಕನ್ನಡ ಈ ಐದನೆಯದರಲ್ಲಿ ಶ್ರೀಮಂತ. ಪುಕ್ಕಲ, ಅಳುಮುಂಜಿ, ಮುಂಗೋಪಿ, ಸಿಡುಕ ಎಲ್ಲ ಅದೇ ಓಣಿಯವರು.

ಇನ್ನು ಅಜ್ಜಿಯ ಪದ. ಬೇರೆ ಬೇರೆ ಭಾಷೆಗಳ ನಿಘಂಟುಗಳನ್ನು ಹೀಗೇ ಸೋಸಿದಾಗ ಆರನೆಯದೊಂದು ಗುಣ ಕಾಣಿಸಿತು. ಮೈಕಲ್ ಆಶ್ಟನ್, ಕಿಬೋಮ್ ಲೀ ಅದನ್ನೂ ಸೇರಿಸಿ ಹೆಕ್ಸಾಕೋ ಅನ್ನುವ ಮಾದರಿ ಮಾಡಿದರು. ಆ ಆರನೆಯದನ್ನು ನಮ್ಮ ಕಡೆ ‘ನಿಯತ್ತು’ ಅನ್ನಬಹುದು. ಒಂದು ತುದಿಗೆ ಪ್ರಾಮಾಣಿಕತೆ, ವಿನಯ. ಇನ್ನೊಂದು ತುದಿಗೆ ಕಪಟ, ದುರಾಸೆ. ಗುಮ್ಮನಗುಸ್ಕ ಅಂದರೆ ಮೇಲೆ ಸುಮ್ಮನಿದ್ದು ಒಳಗೆ ಏನೋ ಮಸೆಯುವವರು ಅಂತ ತಾನೆ? ಅಜ್ಜಿ ಮಾತು ಕಡಿಮೆ ಇರುವುದನ್ನು ಕಂಡು ನಿಯತ್ತಿನ ಬಗ್ಗೆ ತೀರ್ಪು ಕೊಟ್ಟರು. ಮಾತಿನ ಅಳತೆ ಬೇರೆ, ನಿಯತ್ತಿನ ಅಳತೆ ಬೇರೆ. ಕಡಿಮೆ ಮಾತಾಡುವ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಆಗುವ ದೊಡ್ಡ ಅನ್ಯಾಯ ಇದು ಅಂತ ನನ್ನ ಅಭಿಪ್ರಾಯ.

ಐಟಿ ಬೇತಾಳ

ಹಾಗಾದರೆ ಎಂಬಿಟಿಐ ಸುಳ್ಳಾ? ನನ್ನ ಫಲಿತಾಂಶ ಓದಿದಾಗ ಯಾರೋ ನನ್ನನ್ನು ಹತ್ತಿರದಿಂದ ನೋಡಿ ಬರೆದ ಹಾಗಿತ್ತು.

ದಾರಿಹೋಕ

ಹಾಗೆ ಅನ್ನಿಸುವುದಕ್ಕೂ ಒಂದು ಕಥೆ ಇದೆ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನುವ ಮೇಷ್ಟ್ರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ ‘ಇದು ನಿನ್ನ ಸ್ವಭಾವ’ ಅಂತ ಒಂದು ಹಾಳೆ ಹಂಚಿದರು. ಎಷ್ಟು ಸರಿಯಾಗಿದೆ ಅಂತ ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ! ಅದರಲ್ಲಿದ್ದ ಸಾಲುಗಳು ಪೇಟೆಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದವು. ‘ನಿಮ್ಮಲ್ಲಿ ಬಳಸದೆ ಉಳಿದ ಸಾಮರ್ಥ್ಯ ತುಂಬ ಇದೆ’ ಅಂದರೆ ಯಾರು ತಾನೆ ಇಲ್ಲ ಅನ್ನುತ್ತಾರೆ?

ಎಂಬಿಟಿಐ ಮಾಡಿದವರು ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್. ಇಬ್ಬರೂ ಮನಃಶಾಸ್ತ್ರ ಕಲಿತವರಲ್ಲ. ಯೂಂಗ್ ಅವರನ್ನು ಓದಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಹೆಂಗಸರಿಗೆ ಒಪ್ಪುವ ಕೆಲಸ ಹುಡುಕಲು ಸಹಾಯವಾಗಲಿ ಅಂತ ಶುರುಮಾಡಿದರು. ಉದ್ದೇಶ ಒಳ್ಳೆಯದೇ. ತೊಂದರೆ ಇರುವುದು ಕತ್ತರಿಸುವ ರೀತಿಯಲ್ಲಿ. ಹೆಚ್ಚಿನ ಜನ ನಡುವೆ ಇರುತ್ತಾರೆ. ಆ ನಡುವಿಗೇ ಗೆರೆ ಎಳೆದು, ಈಚೆ ಇದ್ದವರಿಗೆ ಐ (ಇಂಟ್ರೋವರ್ಟ್), ಆಚೆ ಇದ್ದವರಿಗೆ ಇ (ಎಕ್ಸ್‌ಟ್ರೋವರ್ಟ್) ಅಂತ ಮುದ್ರೆ ಒತ್ತಿದರೆ ಏನಾಗುತ್ತದೆ? ಗೆರೆಯ ಪಕ್ಕದಲ್ಲೇ ಕೂತ ಇಬ್ಬರು ಬೇರೆ ಬೇರೆ ಜಾತಿಯವರಾಗುತ್ತಾರೆ. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರೆ ಅಕ್ಷರ ಬದಲಾಗುವವರೂ ಕಡಿಮೆ ಇಲ್ಲ. ಕೆಲಸಕ್ಕೆ ಜನರನ್ನು ಆರಿಸಲು ಇದನ್ನು ಬಳಸಬೇಡಿ ಅಂತ ಪರೀಕ್ಷೆ ಮಾರುವ ಸಂಸ್ಥೆಯೇ ಹೇಳುತ್ತದೆ. ನಿಮ್ಮ ಮ್ಯಾನೇಜರ್‌ಗೆ ಇದನ್ನು ಹೇಳಿನೋಡಿ.

ಐಟಿ ಬೇತಾಳ

ಅಪ್ರೈಸಲ್ ಮುಗಿಯಲಿ, ಹೇಳುತ್ತೇನೆ.

ತುಳಸಿಕಟ್ಟೆ

ಎಲ್ಲರೂ ಪರದೇಶದವರ ಹೆಸರನ್ನೇ ಹೇಳುತ್ತಿದ್ದೀರಿ. ಸಾತ್ವಿಕ, ರಾಜಸ, ತಾಮಸ ಅಂತ ನಮ್ಮಲ್ಲಿ ಸಾವಿರಾರು ವರ್ಷದಿಂದ ಇಲ್ಲವೇ? ಆಯುರ್ವೇದದಲ್ಲಿ ವಾತ, ಪಿತ್ತ, ಕಫ ಪ್ರಕೃತಿ ಇದೆ. ಸಿಟ್ಟು ಬಂದವನಿಗೆ ‘ಪಿತ್ತ ನೆತ್ತಿಗೇರಿದೆ’ ಅಂತ ಓದುಬರಹ ಬಾರದವರೂ ಹೇಳುತ್ತಾರೆ. ನಿವೃತ್ತಿಯಾಗಿ ಮನೆಯಲ್ಲಿ ಕೂತಿದ್ದೇನೆ, ಅದಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ದಾರಿಹೋಕ

ಬೇಸರ ಯಾಕೆ ಸರ್, ನೀವು ಹೇಳಿದ್ದು ಇಲ್ಲಿಗೆ ಬೇಕಾದ ಮಾತೇ. ಗ್ರೀಕರಲ್ಲೂ ಹೀಗೇ ಇತ್ತು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಅಂತ ನಾಲ್ಕು ರಸ. ಹಳದಿ ಪಿತ್ತ ಜಾಸ್ತಿಯಾದವನು ಮುಂಗೋಪಿ. ಅಲ್ಲೂ ಸಿಟ್ಟಿನ ಹೊಣೆ ಪಿತ್ತದ ಮೇಲೆಯೇ ಬಿತ್ತು. ಇವತ್ತಿನ ವಿಜ್ಞಾನ ಈ ರಸಗಳನ್ನು ಒಪ್ಪುವುದಿಲ್ಲ. ಆದರೆ ಜನರ ಸ್ವಭಾವವನ್ನು ಗಮನಿಸಿದ್ದರು ಅನ್ನುವುದು ನಿಜ.

ಗುಣಗಳ ವಿಷಯದಲ್ಲಿ ಒಂದು ಮಾತು. ಗೀತೆಯ 14ನೇ ಅಧ್ಯಾಯದಲ್ಲಿ ಮೂರು ಗುಣಗಳನ್ನು ಮೂರು ಜಾತಿಯ ಮನುಷ್ಯರು ಅಂತ ಹೇಳಿಲ್ಲ. ಒಬ್ಬನಲ್ಲೇ ಮೂರೂ ಇರುತ್ತವೆ, ಒಮ್ಮೆ ಒಂದು ಉಳಿದೆರಡನ್ನು ಅದುಮಿ ಮೇಲೇಳುತ್ತದೆ, ಇನ್ನೊಮ್ಮೆ ಮತ್ತೊಂದು ಅಂತ 10ನೇ ಶ್ಲೋಕದಲ್ಲಿದೆ. ನಾವು ಅದನ್ನು ಬಿಟ್ಟು ‘ಅವನು ತಾಮಸ’ ಅಂತ ಹಣೆಪಟ್ಟಿ ಹಚ್ಚುತ್ತೇವೆ. ಎಂಬಿಟಿಐನವರು ಯೂಂಗ್‌ಗೆ ಮಾಡಿದ್ದೂ ಇದನ್ನೇ.

ಕಡಲತಡಿ

ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು ಅಂದಿರಲ್ಲ, ಅದು ಸರಿ. ನಾನು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಓಡಾಡಿ ಬೆಳೆದವ. ಬಣ್ಣದ ವೇಷ ಹಾಕಿ ರಂಗದಲ್ಲಿ ಆರ್ಭಟ ಕೊಡುವವರು ಚೌಕಿಯಲ್ಲಿ ಚಾ ಬೇಕಾ ಅಂದರೂ ತಲೆ ಅಲ್ಲಾಡಿಸಿ ಉತ್ತರ ಕೊಡುವುದನ್ನು ನೋಡಿದ್ದೇನೆ. ರಂಗದಲ್ಲಿ ಕುಣಿದು ಕುಪ್ಪಳಿಸುವ ಪುಂಡುವೇಷದ ಹುಡುಗರಲ್ಲೂ ಕೆಲವರು ಮನೆಯಲ್ಲಿ ಬರೀ ಪಾಪದವರು. (ಘಟ್ಟದ ಮೇಲಿನವರಿಗೆ: ನಮ್ಮಲ್ಲಿ ‘ಪಾಪದವ’ ಅಂದರೆ ಪಾಪ ಮಾಡಿದವ ಅಲ್ಲ, ಸಾಧು ಮನುಷ್ಯ.) ನಿಜವಾದ ಸ್ವಭಾವ ಯಾವುದು ಅಂತ ಹೇಗೆ ಹೇಳುವುದು?

ದಾರಿಹೋಕ

ಎರಡೂ ನಿಜ. ಒಬ್ಬರೇ ಮನುಷ್ಯ ಒಂದೇ ದಿನದಲ್ಲಿ ಎಷ್ಟೋ ಸಲ ಬಹಿರ್ಮುಖಿಯಾಗಿ, ಎಷ್ಟೋ ಸಲ ಅಂತರ್ಮುಖಿಯಾಗಿ ನಡೆದುಕೊಳ್ಳುತ್ತಾರೆ. ಗುಣ ಅಂದರೆ ಬಹಳ ದಿನಗಳ ಸರಾಸರಿ. ಒಂದು ರಾತ್ರಿಯ ಆಟ ನೋಡಿ ಹೇಳುವುದು ಕಷ್ಟ.

ರೀಲ್ಸ್ ಪುಟ್ಟಿ

ನೀವೆಲ್ಲ ಹಳೆಯ ಪದಗಳಲ್ಲೇ ಇದ್ದೀರಿ. ಈಗ ಆಂಬಿವರ್ಟ್, ಆಮ್ನಿವರ್ಟ್, ಸಿಗ್ಮಾ ಎಲ್ಲ ಬಂದಿವೆ. ನನ್ನ ರೂಮ್‌ಮೇಟ್‌ಗೆ ಓಸಿಡಿ, ಬೆಡ್‌ಶೀಟ್ ಸ್ವಲ್ಪ ಸುಕ್ಕಾದರೂ ಸರಿಮಾಡುತ್ತಾಳೆ. ನನ್ನ ಎಕ್ಸ್ ಪಕ್ಕಾ ನಾರ್ಸಿಸಿಸ್ಟ್, ತಾನೇ ದೊಡ್ಡವನು ಅನ್ನುವವನು. ಅವನ ಫ್ರೆಂಡ್ ತನ್ನನ್ನು ತಾನೇ ಸಿಗ್ಮಾ, ಅಂದರೆ ಯಾರ ಹಂಗೂ ಇಲ್ಲದ ಒಂಟಿ ಸಲಗ, ಅಂದುಕೊಂಡಿದ್ದಾನೆ.

ದಾರಿಹೋಕ

ಪುಟ್ಟಿ, ನೀವು ಒಂದೇ ಉಸಿರಿಗೆ ಮೂರು ಬೇರೆ ಅಂಗಡಿಯ ಸಾಮಾನು ತಂದಿದ್ದೀರಿ.

ಆಂಬಿವರ್ಟ್ ಹಳೆಯದೇ, 1920ರ ದಶಕದ್ದು. ನಡುವೆ ಇರುವವರು ಅಂತ ಅರ್ಥ. ಅಂದರೆ ನಮ್ಮಲ್ಲಿ ಹೆಚ್ಚಿನವರು. ಸಿಗ್ಮಾ, ಆಲ್ಫಾ ಇವು ಮನಃಶಾಸ್ತ್ರದ ಪದಗಳೇ ಅಲ್ಲ. ಆಲ್ಫಾ, ಅಂದರೆ ಹಿಂಡಿನ ಯಜಮಾನ, ಬಂದದ್ದು ತೋಳಗಳಿಂದ. ಸಂಬಂಧವಿಲ್ಲದ ತೋಳಗಳನ್ನು ಒಂದೇ ಕಡೆ ಕೂಡಿಹಾಕಿ ನೋಡಿದಾಗ ಅವು ಕಾದಾಡಿದವು, 1947ರಲ್ಲಿ ಅದರ ಬಗ್ಗೆ ಬರಹ ಬಂತು. ಡೇವಿಡ್ ಮೀಚ್ ಅನ್ನುವ ವಿಜ್ಞಾನಿ 1970ರಲ್ಲಿ ತಮ್ಮ ಪುಸ್ತಕದಲ್ಲಿ ಆಲ್ಫಾ ಅಂತ ಬರೆದರು. ಆಮೇಲೆ ಕಾಡಿನಲ್ಲಿ ವರ್ಷಗಟ್ಟಲೆ ನೋಡಿದಾಗ ತಿಳಿಯಿತು, ಹಿಂಡು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ, ಆಲ್ಫಾ ಅಂದರೆ ಬರೀ ಅಪ್ಪ ಅಮ್ಮ. 1999ರಲ್ಲಿ ಅವರೇ ಆ ಪದ ಬೇಡ ಅಂತ ಬರೆದರು. ಸಿಗ್ಮಾಗೆ ಪಾಪ ತೋಳದ ಆಧಾರವೂ ಇಲ್ಲ.

ಓಸಿಡಿ, ನಾರ್ಸಿಸಿಸ್ಟ್ ವಿಷಯ ಗಂಭೀರ. ಓಸಿಡಿ ಒಂದು ಕಾಯಿಲೆ. ಬೇಡವೆಂದರೂ ಬರುವ ಯೋಚನೆ, ಅದನ್ನು ತಡೆಯಲು ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಒತ್ತಡ. ಗಂಟೆಗಟ್ಟಲೆ ಕೈ ತೊಳೆದು ಚರ್ಮ ಸುಲಿದುಕೊಂಡವರು ನನ್ನ ಹತ್ತಿರ ಬರುತ್ತಾರೆ. ಬೆಡ್‌ಶೀಟ್ ಸರಿಮಾಡಿ ಸಮಾಧಾನವಾಗಿ ಮಲಗುವ ನಿಮ್ಮ ರೂಮ್‌ಮೇಟ್ ಅಚ್ಚುಕಟ್ಟಿನವಳು, ಅಷ್ಟೇ. ನಾರ್ಸಿಸಿಸ್ಟಿಕ್ ಪರ್ಸನಾಲಿಟಿ ಡಿಸಾರ್ಡರ್ ಅಂತ ಹೇಳಬೇಕಾದರೆ ತಜ್ಞರು ಬಳಸುವ ಪಟ್ಟಿಯ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು. ಅವು ಪ್ರಾಯಕ್ಕೆ ಬಂದಾಗಿನಿಂದ ಎಲ್ಲ ಕಡೆ ಕಾಣಬೇಕು, ಬದುಕಿಗೆ ತೊಡಕಾಗಿರಬೇಕು. ಹೇಳಬೇಕಾದವರು ತಜ್ಞರು. ನಿಮ್ಮ ಎಕ್ಸ್ ಬರೀ ಸ್ವಾರ್ಥಿ ಇರಬಹುದು. ಅದಕ್ಕೆ ಕನ್ನಡದಲ್ಲಿ ಪದಗಳಿಗೆ ಬರ ಇಲ್ಲ.

ರೀಲ್ಸ್ ಪುಟ್ಟಿ

ಆ ಪದಗಳನ್ನು ಇಲ್ಲಿ ಬರೆದರೆ ನಿರ್ವಾಹಕರು ಅಳಿಸಿಹಾಕುತ್ತಾರೆ.

ಸೀಮೆಸುಣ್ಣ

ಎಲ್ಲರಿಗೂ ಧನ್ಯವಾದ. ಇವತ್ತು ಕೂತು ಕೆಲವು ಬರೆದೆ. ಪದದ ಬದಲು ಕಂಡದ್ದನ್ನು ಬರೆಯೋಣ ಅನ್ನಿಸಿತು. ನೋಡಿ ಹೇಳಿ.

ಆ ಹುಡುಗಿಗೆ: ‘ಗೆಳತಿಯರ ಗುಂಪಿನಲ್ಲಿ ಚೆನ್ನಾಗಿ ವಿವರಿಸುತ್ತಾಳೆ. ಎಲ್ಲರೆದುರು ಮಾತಾಡುವುದನ್ನು ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸುತ್ತಿದ್ದೇವೆ.’

ಹಿಂದೆ ‘ತುಂಟ’ ಅಂತ ಬರೆಸಿಕೊಂಡವನಿಗೆ: ‘ಪ್ರಶ್ನೆ ಜಾಸ್ತಿ ಕೇಳುತ್ತಾನೆ. ಹೋಂವರ್ಕ್ ಅರ್ಧಕ್ಕೆ ಬಿಡುತ್ತಾನೆ.’

ಮೂರನೆಯವನ ಹತ್ತಿರ ನಿಂತುಬಿಟ್ಟೆ. ಎಲ್ಲ ಟೀಚರ್‌ಗಳೂ ಮುಂಗೋಪಿ ಅನ್ನುತ್ತಾರೆ. ಹೋದ ವಾರ ಪಕ್ಕದವನ ಜಾಮಿಟ್ರಿ ಬಾಕ್ಸ್ ಎಸೆದ. ಅವನ ತಾಯಿ, ‘ಹುಟ್ಟುಗುಣ ಸುಟ್ಟರೂ ಹೋಗಲ್ಲ ಮೇಡಂ, ಅವರಪ್ಪನದೂ ಇದೇ’ ಅಂತ ಕೈಚೆಲ್ಲಿದರು.

ಗಿರಮಿಟ್

ಟೀಚರ್, ಚೆನ್ನಾಗಿದೆ. ಆದರೆ ನಿಮ್ಮ ಕಾರ್ಡಿನಲ್ಲಿ ಇಷ್ಟು ಬರೆಯಲು ಜಾಗ ಇದೆಯೇನು? ಅಲ್ಲದೆ ನಮ್ಮ ಜನ ಇಷ್ಟೆಲ್ಲ ಓದಿ ಕೊನೆಗೆ, ‘ಅಂದರೆ ಒಳ್ಳೆಯವನೋ ಕೆಟ್ಟವನೋ ಹೇಳ್ರಿ’ ಅಂತ ಕೇಳುವವರೇ. ಆ ತಾಯಿಯ ಗಾದೆಯೂ ಪೂರ್ತಿ ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ.

ದಾರಿಹೋಕ

ಗಾದೆ ಅರ್ಧ ನಿಜ. ಅವಳಿಗಳ ಮೇಲೆ ನಡೆದ ಅಧ್ಯಯನಗಳನ್ನು ನೋಡಿದರೆ ಜನರ ನಡುವೆ ಕಾಣುವ ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ವಂಶದಿಂದ ಬರುತ್ತದೆ. ಇನ್ನರ್ಧ ಬೇರೆ ಕಾರಣಗಳದ್ದು. ವಯಸ್ಸಾಗುತ್ತಾ ಹೆಚ್ಚಿನವರು ಜವಾಬ್ದಾರಿ ಕಲಿಯುತ್ತಾರೆ, ಹೊಂದಿಕೊಳ್ಳುತ್ತಾರೆ, ಮನಸ್ಸು ಕದಡುವುದೂ ಕಡಿಮೆಯಾಗುತ್ತದೆ. ಹದಿಹರೆಯಕ್ಕೆ ಕಾಲಿಡುವಾಗ ಮಾತ್ರ ಎಲ್ಲ ಉಲ್ಟಾ ಹೊಡೆಯುತ್ತದೆ. ಅಚ್ಚುಕಟ್ಟು, ಹೊಂದಾಣಿಕೆ ಎರಡೂ ಕೆಲಕಾಲ ಇಳಿಯುತ್ತವೆ. ಎಂಟನೇ ಕ್ಲಾಸ್ ಅಂದರೆ ಸರಿಯಾಗಿ ಅದೇ ವಯಸ್ಸು. ಈಗ ‘ಮುಂಗೋಪಿ’ ಅಂತ ಬರೆದುಕೊಟ್ಟರೆ ಆ ಕಾರ್ಡ್ ಒಂಬತ್ತಕ್ಕೂ ಹೋಗುತ್ತದೆ, ಹತ್ತಕ್ಕೂ ಹೋಗುತ್ತದೆ. ಹೊಸ ಟೀಚರ್ ಮೊದಲ ದಿನದಿಂದಲೇ ಅವನ ಮೇಲೆ ಒಂದು ಕಣ್ಣಿಡುತ್ತಾರೆ.

ಟೀಚರ್, ಅವನ ಸಾಲನ್ನು ಸದ್ಯಕ್ಕೆ ಖಾಲಿ ಬಿಡಿ. ಸಿಟ್ಟು ಬಂದಾಗಲೆಲ್ಲ ಯಾವ ಪಿರಿಯಡ್, ಪಕ್ಕದಲ್ಲಿ ಯಾರಿದ್ದರು, ಅದಕ್ಕೆ ಮೊದಲು ಏನಾಯಿತು, ಬೆಳಿಗ್ಗೆ ತಿಂಡಿ ತಿಂದು ಬಂದಿದ್ದನಾ ಅಂತ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಒಂದು ತಿಂಗಳು ನೋಡಿ. ಎಲ್ಲ ಕಡೆ, ಎಲ್ಲರ ಮೇಲೂ ಬರುವ ಸಿಟ್ಟಾದರೆ ಅವನ ತಾಯಿಯ ಜೊತೆ ಕೂತು ಮಾತಾಡಬೇಕು. ಒಬ್ಬನೇ ಹುಡುಗನ ಪಕ್ಕ ಕೂತಾಗ ಮಾತ್ರ ಬರುತ್ತಿದ್ದರೆ, ಆ ಇನ್ನೊಬ್ಬ ಏನು ಮಾಡುತ್ತಿದ್ದಾನೆ ಅಂತ ನೋಡಬೇಕು.

ಸೀಮೆಸುಣ್ಣ

ಸರ್, ನೀವು ಹೇಳಿದ ಮೇಲೆ ಹೊಳೆಯಿತು. ಬಾಕ್ಸ್ ಎಸೆದದ್ದು ಗಣಿತದ ಪಿರಿಯಡ್‌ನಲ್ಲಿ. ಅದಕ್ಕೂ ಹಿಂದೆ ಗಲಾಟೆ ಆಗಿದ್ದೂ ಗಣಿತದಲ್ಲೇ. ನಾಳೆ ಗಣಿತದ ಮೇಷ್ಟ್ರ ಹತ್ತಿರ ಮಾತಾಡುತ್ತೇನೆ. ಕಾರ್ಡ್ ಕೊಡಲು ತಿಂಗಳ ಕೊನೆವರೆಗೆ ಟೈಮ್ ಇದೆ.